ಊಟದ ಮೇಜಿಗೆ ಮೊದಲು ಒಂದು ಮಣೆ

ಪ್ರಶ್ನೆ: ನಮ್ಮೂರು ತೀರ್ಥಹಳ್ಳಿ ಕಡೆ. ಈಗ ಮೈಸೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ, ಮೇಲಿನ ತಾರಸಿಯನ್ನು ಬಳಸಿಕೊಳ್ಳಲು ಅಡ್ಡಿಯಿಲ್ಲ. ಹೋದ ವರ್ಷದ ಮಳೆಗಾಲದಲ್ಲಿ ಊರಮನೆಯ ಹಿಂದಿನ ಹಲಸಿನ ಮರ ಬಿತ್ತು. ಅಪ್ಪ ಅದನ್ನು ಕೊಯ್ಸಿ 9 ಹಲಗೆ ತೆಗೆದು ಕೊಟ್ಟಿಗೆಯಲ್ಲಿ ಇಟ್ಟಿದ್ದಾರೆ. 7 ಅಡಿ ಉದ್ದ, 10 ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಅದರಲ್ಲಿ ಊಟದ ಮೇಜು, ನಾಲ್ಕು ಕುರ್ಚಿ, ಸಾಧ್ಯವಾದರೆ ಪುಸ್ತಕದ ಕಪಾಟು ನಾನೇ ಮಾಡಬೇಕೆಂದು ಆಸೆ. ಇದುವರೆಗೆ ಗರಗಸ ಹಿಡಿದವನಲ್ಲ, ವಿಡಿಯೊ ನೋಡಿದ್ದಷ್ಟೆ. ಸಲಕರಣೆಗೆ 12 ಸಾವಿರ ಎತ್ತಿಟ್ಟಿದ್ದೇನೆ. ಟೇಬಲ್ ಸಾ (ಮೇಜಿಗೆ ಕೂರಿಸಿದ ಯಂತ್ರಗರಗಸ) ಕೊಳ್ಳಲೇ? ಇನ್ನೊಂದು: ಊರಿನ ಆಚಾರ್ರು ಹಲಗೆ ನೋಡಿ "ಇದು ಈಗಲೇ ಮೇಜಿಗೆ ಆಗಲ್ಲ" ಅಂದರು. ಹಲಸು ಒಳ್ಳೇ ಮರ ಅಂತಾರಲ್ಲ, ಯಾಕೆ ಆಗಲ್ಲ?

ಉತ್ತರ: ಆಚಾರ್ರು ಹೇಳಿದ್ದು ಸರಿ. ಹಲಸಿನ ಬಗ್ಗೆ ಅವರಿಗೆ ಅನುಮಾನವಿಲ್ಲ, ಅವರ ಅನುಮಾನವಿರುವುದು ಹಲಗೆಯೊಳಗೆ ಉಳಿದಿರುವ ನೀರಿನ ಮೇಲೆ. ಹಲಗೆಯನ್ನು ಗಾಳಿಗೆ ಒಣಗಿಸುವಾಗ ಒಂದಿಂಚು ದಪ್ಪಕ್ಕೆ ಒಂದು ವರ್ಷ ಅನ್ನುವುದು ಹಳೇ ಲೆಕ್ಕ. ಮಲೆನಾಡಿನ ಕೊಟ್ಟಿಗೆಯಲ್ಲಿ ಆ ಲೆಕ್ಕವೂ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯ ಗಾಳಿಯೇ ಒದ್ದೆ, ಮರ ಬಿಟ್ಟುಕೊಟ್ಟ ತೇವವನ್ನು ಮತ್ತೆ ಹೀರಿಕೊಳ್ಳುತ್ತದೆ. ಅದೇ ಹಲಗೆ ಮೈಸೂರಿನ ಮಾರ್ಚ್ ತಿಂಗಳ ಒಣ ಹವೆಗೆ ಬಂದರೆ, ಒಳಗೆ ಮಿಕ್ಕ ನೀರು ನಿಮ್ಮ ಮನೆಯಲ್ಲಿ ಹೊರಡುತ್ತದೆ. ಅಷ್ಟರಲ್ಲಿ ನೀವದನ್ನು ಮೇಜು ಮಾಡಿಟ್ಟಿದ್ದರೆ ಮೇಲ್ಮೈ ಡೊಂಕಾಗುತ್ತದೆ, ಇಲ್ಲವೇ ಅಂಟಿಸಿದ ಜಾಗದಲ್ಲಿ ಸೀಳುತ್ತದೆ.

ಈಗ ಮಾಡಬೇಕಾದದ್ದು ಇಷ್ಟು. ಹಲಗೆಗಳನ್ನು ಮೈಸೂರಿಗೆ ತಂದು, ಬಿಸಿಲು ಬೀಳದ, ಗಾಳಿ ಆಡುವ ಕೋಣೆಯಲ್ಲಿ ಪೇರಿಸಿ. ತಾರಸಿಯ ಮೇಲೆ ಬೇಡ. ನೇರ ಬಿಸಿಲಿಗೆ ಹೊರಮೈ ಬೇಗ ಒಣಗಿ ಒಳಗಿನದು ಹಾಗೇ ಉಳಿದರೆ ಹಲಗೆ ಬಿರಿಯುತ್ತದೆ. ಮಂಚದ ಕೆಳಗೆ ಜಾಗವಿದ್ದರೆ ಅದೂ ಆದೀತು. ಎರಡು ಹಲಗೆಗಳ ನಡುವೆ ಒಂದಿಂಚು ದಪ್ಪದ ರೀಪಿನ ತುಂಡುಗಳನ್ನು ಒಂದೂವರೆ ಅಡಿಗೊಂದರಂತೆ ಇಡಿ, ಮೇಲಿನ ತುಂಡು ಕೆಳಗಿನದರ ನೇರಕ್ಕೇ ಬರಲಿ. ಹಲಗೆಗಳ ಎರಡೂ ತುದಿಗೆ ಹಳೇ ಪೇಂಟ್ ಬಳಿಯಿರಿ. ತೇವ ಬೇಗ ಹೋಗುವುದು ತುದಿಯಿಂದ, ಅದಕ್ಕೇ ಸೀಳು ಅಲ್ಲೇ ಶುರುವಾಗುವುದು. ಎಲ್ಲದರ ಮೇಲೆ ಒಂದಿಷ್ಟು ಭಾರ ಹೇರಿ.

ಒಣಗಿತೆಂದು ತಿಳಿಯುವುದು ಹೇಗೆ? ತೇವ ಅಳೆಯುವ ಮೀಟರ್ ಸಿಗುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಸೂಟ್‌ಕೇಸ್ ತೂಗುವ ನೇತಾಡುವ ತಕ್ಕಡಿ ಇದ್ದರೆ ಸಾಕು. ನಿಮ್ಮ ಒಂದೊಂದು ಹಲಗೆ ಸುಮಾರು 10 ಕೆ.ಜಿ. ಇದ್ದೀತು. ಎರಡು ಹಲಗೆಗೆ ಗುರುತು ಹಾಕಿ, ಹದಿನೈದು ದಿನಕ್ಕೊಮ್ಮೆ ತೂಗಿ, ತೂಕವನ್ನು ಹಲಗೆಯ ಮೇಲೇ ಪೆನ್ಸಿಲ್ಲಿನಲ್ಲಿ ಬರೆದಿಡಿ. ಮೊದಮೊದಲು ಇಳಿಯುತ್ತಲೇ ಹೋಗುತ್ತದೆ. ಬೇಸಿಗೆಯಲ್ಲಿ ಮೂರು ನಾಲ್ಕು ಸಲ ತೂಗಿದರೂ ಅಂಕಿ ಕದಲದಿದ್ದರೆ ಹಲಗೆ ನಿಮ್ಮ ಮನೆಯ ಹವೆಗೆ ಹೊಂದಿಕೊಂಡಿದೆ ಎಂದು ತಿಳಿಯಿರಿ.

ಪೇರಿಸುವಾಗಲೇ ಹಲಗೆಗಳ ತುದಿ ನೋಡಿ. ಯಾವುದಾದರೂ ಒಂದರ ತುದಿಯಲ್ಲಿ ಉಂಗುರಗಳ ನಡುಬಿಂದು, ಅಂದರೆ ಮರದ ತಿರುಳು ಕಂಡರೆ ಅದನ್ನು ಪ್ರತ್ಯೇಕ ಇಡಿ. ತಿರುಳಿರುವ ಹಲಗೆ ಇವತ್ತಲ್ಲ ನಾಳೆ ಸೀಳಿಯೇ ಸೀಳುತ್ತದೆ. ನಡುವಿನ ಎರಡಿಂಚು ಕೊಯ್ದು ತೆಗೆದುಬಿಟ್ಟರೆ ಎರಡೂ ಬದಿಯಲ್ಲಿ ನಾಲ್ಕಿಂಚಿನ ಒಳ್ಳೇ ಪಟ್ಟಿ ಸಿಗುತ್ತವೆ, ಪೋಲಾಗುವುದಿಲ್ಲ. ಹಾಗೆಯೇ ಅಂಚಿನ ಬಿಳಿಚಿದ ಭಾಗವನ್ನೂ ಗಮನಿಸಿ. ಹಲಸಿನ ಹಳದಿ ಚೇಗನ್ನು, ಅಂದರೆ ಒಳಗಿನ ಗಟ್ಟಿ ಮರವನ್ನು, ಗೆದ್ದಲು ಅಷ್ಟು ಸುಲಭಕ್ಕೆ ಮುಟ್ಟುವುದಿಲ್ಲ, ಆದರೆ ಹೊರಗಿನ ಬಿಳಿ ಮರಕ್ಕೆ ಕುಟ್ಟೆ ಹಿಡಿಯುತ್ತದೆ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಆ ಭಾಗವನ್ನು ಮುಲಾಜಿಲ್ಲದೆ ಕೊಯ್ದು ಹಾಕಿ.

ಇನ್ನು ಟೇಬಲ್ ಸಾ. ಬೇಡ. ನಿಮ್ಮ 12 ಸಾವಿರಕ್ಕೆ ಒಳ್ಳೆಯದು ಬರುವುದಿಲ್ಲ, ಬರುವಂಥದ್ದರ ಮುಂದೆ ಹೊಸಬರು ನಿಲ್ಲಬಾರದು. ಅದಕ್ಕಿಂತ ಅಪಾಯಕಾರಿ ಇನ್ನೊಂದಿದೆ. ನಮ್ಮಲ್ಲಿ ಕಟ್ಟಡದ ಕೆಲಸ ನಡೆಯುವ ಕಡೆಯೆಲ್ಲ ಆಂಗಲ್ ಗ್ರೈಂಡರ್‌ಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಸಿಕ್ಕಿಸಿ, ಗಾರ್ಡ್ ಕಳಚಿ, ಒಂದೇ ಕೈಯಲ್ಲಿ ಹಿಡಿದು ಕೊಯ್ಯುವುದನ್ನು ನೀವೂ ನೋಡಿರುತ್ತೀರಿ. ಬ್ಲೇಡ್ ಮರಕ್ಕೆ ಕಚ್ಚಿಕೊಂಡರೆ ಆ ಮೆಷಿನ್ನು ಕೈಯಿಂದ ಎಗರಿ ಮೈಮೇಲೇ ಬರುತ್ತದೆ. ಅನುಭವಿಗಳು ಮಾಡುತ್ತಾರಲ್ಲ ಎಂದು ನೀವು ಮಾಡಬೇಡಿ. ಆ ಅನುಭವಿಗಳ ಕೈಬೆರಳು ಎಣಿಸಿ ನೋಡಿ ಎಂದಷ್ಟೇ ಹೇಳುತ್ತೇನೆ.

ಕೊಳ್ಳಬೇಕಾದ್ದು ಕಡಿಮೆ. ಒಂದು ಒಳ್ಳೇ ಕೈಗರಗಸ. ಕಾಲು, ಅರ್ಧ, ಮುಕ್ಕಾಲು ಇಂಚಿನ ಮೂರು ಉಳಿ. ಒಂದು ಕೊಡತಿ. ಮರ ಹೆರೆದು ಮಟ್ಟ ಮಾಡುವ ಕಬ್ಬಿಣದ ಸಣ್ಣ ಉಜ್ಜುಗೊರಡು. ಉಕ್ಕಿನ ಅಳತೆಪಟ್ಟಿ, ಮೂಲೆಮಟ್ಟ, ಗುರುತು ಗೀಚಲು ಚೂಪು ಚಾಕು. ಡ್ರಿಲ್ ಮೆಷಿನ್ನು ಮತ್ತು ಮರಕ್ಕಾಗುವ ಬಿಟ್‌ಗಳು. ಎರಡಡಿಯ ಕ್ಲಾಂಪ್ ನಾಲ್ಕು. ಎನ್95 ಮಾಸ್ಕ್, ಕಣ್ಣಿಗೆ ಕನ್ನಡಕ. ಮಾಸ್ಕನ್ನು ಉದಾಸೀನ ಮಾಡಬೇಡಿ, ಮರದ ಧೂಳು ಕ್ಯಾನ್ಸರ್ ತರುವ ವಸ್ತುಗಳ ಮೊದಲ ದರ್ಜೆಯ ಪಟ್ಟಿಯಲ್ಲೇ ಇದೆ. ಇಷ್ಟೂ ನಿಮ್ಮ ಬಜೆಟ್ಟಿನೊಳಗೆ ಬಂದು ಪ್ಲೈವುಡ್‌ಗೂ ಒಂದಿಷ್ಟು ಉಳಿಯಬೇಕು.

ಉಳಿ ಕೊಂಡ ದಿನವೇ ಕೆಲಸಕ್ಕೆ ಇಳಿಸಬೇಡಿ. ಅಂಗಡಿಯಿಂದ ಬರುವ ಉಳಿಗೆ ಹದ ಇರುವುದಿಲ್ಲ. ದಪ್ಪ ಗಾಜಿನ ತುಂಡಿನ ಮೇಲೆ ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್ ಅಂಟಿಸಿ. 400, 800, 1500, 2000 ಹೀಗೆ ಏರುತ್ತ ಹೋಗಿ. ಮೊದಲು ಉಳಿಯ ಬೆನ್ನು ಕನ್ನಡಿಯಂತಾಗಬೇಕು. ಆಮೇಲೆ ಇಳಿಜಾರು ಮುಖವನ್ನು 25ರಿಂದ 30 ಡಿಗ್ರಿಯಲ್ಲಿ ಕದಲದಂತೆ ಹಿಡಿದು ಉಜ್ಜಿ. ಅಂಗೈ ಹಿಂಬದಿಯ ರೋಮ ಬೋಳಿಸುವಷ್ಟು ಹರಿತವಾದರೆ ಸರಿ. ಮೊಂಡು ಉಳಿಗೆ ಜೋರು ಹಾಕಬೇಕಾಗುತ್ತದೆ, ಜೋರು ಹಾಕಿದಾಗಲೇ ಅದು ಜಾರುವುದು. ಉಳಿ ಹೋಗುವ ದಿಕ್ಕಿನಲ್ಲಿ ನಿಮ್ಮ ಇನ್ನೊಂದು ಕೈ ಯಾವತ್ತೂ ಇರಬಾರದು.

ಹಲಗೆಯ ಎರಡೂ ಮೈ ನೇರ ಮಾಡುವ ಕೆಲಸವನ್ನು ಕೈಯಲ್ಲಿ ಮಾಡಲು ಹೋಗಬೇಡಿ, ಅದರಲ್ಲೇ ಉತ್ಸಾಹ ಬತ್ತಿಹೋಗುತ್ತದೆ. ಸಾ ಮಿಲ್ಲುಗಳಲ್ಲಿ ಪ್ಲೇನಿಂಗ್ ಮೆಷಿನ್ನು ಇರುತ್ತದೆ, ಕೂಲಿ ಕೊಟ್ಟು ಉಜ್ಜಿಸಿಕೊಳ್ಳಿ. ಒಯ್ಯುವ ಮೊದಲು ಹಲಗೆಯಲ್ಲಿ ಮೊಳೆ ಉಳಿದಿದೆಯೇ ಎಂದು ಅಯಸ್ಕಾಂತ ಆಡಿಸಿ ನೋಡಿ. ಊರಮನೆ ಹಿತ್ತಿಲ ಮರಕ್ಕೆ ಬಟ್ಟೆ ಹಗ್ಗ ಕಟ್ಟಲು ಯಾರೋ ಎಂದೋ ಹೊಡೆದ ಮೊಳೆ ಒಳಗೇ ಮುಚ್ಚಿಹೋಗಿರುತ್ತದೆ. ಒಂದೂಕಾಲು ಇಂಚಿನದು ಉಜ್ಜಿದ ಮೇಲೆ ಒಂದಿಂಚಿಗೆ ಇಳಿಯುತ್ತದೆ, ಮುಂದಿನ ಲೆಕ್ಕವೆಲ್ಲ ಆ ಒಂದಿಂಚಿನದೇ. ಉಜ್ಜಿಸುವುದು ಒಣಗಿದ ಮೇಲೆ, ಮೊದಲಲ್ಲ.

ಈಗ ಏನು ಮಾಡುವುದು ಅನ್ನುವ ಪ್ರಶ್ನೆ. ನನ್ನ ಕ್ರಮ ಹೀಗೆ: ಮೊದಲು ಮಣೆ, ಆಮೇಲೆ ಕಪಾಟು, ಬೆಂಚು, ಕೊನೆಗೆ ಮೇಜು. ಕುರ್ಚಿ ಈ ಪಟ್ಟಿಯಲ್ಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮಣೆ ಎಂದ ಕೂಡಲೇ ನಿಮಗೆ ನಿರಾಸೆಯಾಗಿರಬಹುದು. ಒಂದು ಹಲಗೆ, ಕೆಳಗೆ ಎರಡು ಪಟ್ಟಿ, ಅದರಲ್ಲಿ ಕಲಿಯುವುದೇನಿದೆ? ಮೇಜಿನ ಅರ್ಧ ವಿದ್ಯೆ ಅದರಲ್ಲಿದೆ.

ಮರಕ್ಕೆ ಒಂದು ಸ್ವಭಾವವಿದೆ. ಗಾಳಿಯ ತೇವ ಹೆಚ್ಚಿದರೆ ಹಿಗ್ಗುತ್ತದೆ, ಕಡಿಮೆಯಾದರೆ ಕುಗ್ಗುತ್ತದೆ. ಒಣಗಿಸಿದ ಮರವೂ, ನೂರು ವರ್ಷದ ಮರವೂ. ಆದರೆ ಈ ಹಿಗ್ಗು-ಕುಗ್ಗು ಎಲ್ಲವೂ ಅಗಲಕ್ಕೆ, ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಇಲ್ಲವೆಂದೇ ಲೆಕ್ಕ. ನಿಮ್ಮ 10 ಇಂಚಿನ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ಒಂದೆರಡು ಮಿ.ಮೀ. ವ್ಯತ್ಯಾಸ ತೋರಿಸುತ್ತದೆ. ಮಣೆಯ ಕೆಳಗೆ ಅಡ್ಡಲಾಗಿ ಬರುವ ಪಟ್ಟಿಯ ಉದ್ದ ಮಾತ್ರ ಬದಲಾಗುವುದಿಲ್ಲ. ಒಂದು ಕದಲುತ್ತದೆ, ಇನ್ನೊಂದು ಕದಲುವುದಿಲ್ಲ. ಎರಡನ್ನೂ ಫೆವಿಕಾಲ್ ಹಾಕಿ, ಸಾಲಾಗಿ ಮೊಳೆ ಹೊಡೆದು ಬಿಗಿದರೆ ಏನಾಗುತ್ತದೆ? ಬೇಸಿಗೆಯಲ್ಲಿ ಕುಗ್ಗಲು ಹೊರಟ ಹಲಗೆಯನ್ನು ಪಟ್ಟಿ ಬಿಡುವುದಿಲ್ಲ, ಹಲಗೆ ನಡುವೆ ಸೀಳುತ್ತದೆ. ಹಳೇ ಮನೆಗಳ ಅಟ್ಟದಲ್ಲಿ ಉದ್ದಕ್ಕೆ ಬಿರುಕು ಬಿಟ್ಟ ಮಣೆ ಕಂಡರೆ ಮಗುಚಿ ನೋಡಿ, ಸಾಲು ಮೊಳೆ ಕಂಡೇ ಕಾಣುತ್ತದೆ. ಬಿರುಕಿಲ್ಲದ ಮಣೆಯನ್ನೂ ಮಗುಚಿ ನೋಡಿ. ಕಸುಬು ಬಲ್ಲ ಆಚಾರಿ ಹಲಗೆಯಲ್ಲಿ ಓರೆ ಅಂಚಿನ ಕಾಲುವೆ ಕೊರೆದು, ಪಟ್ಟಿಯನ್ನು ಪಕ್ಕದಿಂದ ತೂರಿಸಿರುತ್ತಾನೆ, ಅಂಟಿಲ್ಲ, ಮೊಳೆಯಿಲ್ಲ. ಹಲಗೆ ಡೊಂಕಾಗದಂತೆ ಪಟ್ಟಿ ಹಿಡಿದಿರುತ್ತದೆ, ಹಿಗ್ಗಿ ಕುಗ್ಗಲು ಅಡ್ಡಿಯನ್ನೂ ಮಾಡುವುದಿಲ್ಲ.

ಓರೆ ಕಾಲುವೆ ನಿಮಗೆ ಸದ್ಯಕ್ಕೆ ಬೇಡ. ಅದೇ ಕೆಲಸವನ್ನು ಸ್ಕ್ರೂ ಹಾಕಿ ಹೀಗೆ ಮಾಡಬಹುದು. ತುದಿಯಲ್ಲಿ ಸೀಳಿರುವ, ಮೇಜಿಗೆ ಆಗದ ಹಲಗೆಯೊಂದನ್ನು ಆರಿಸಿ. 18 ಇಂಚಿನ ತುಂಡುಗಳಾಗಿ ಕೊಯ್ಯಿರಿ, ಏಳಡಿಯಲ್ಲಿ ನಾಲ್ಕು ಮಣೆ ಬರುತ್ತವೆ. ಉಜ್ಜುವ ಮೆಷಿನ್ನಿಗೆ ಗಿಡ್ಡ ತುಂಡು ಕೊಡುವುದು ಅಪಾಯ, ಹಾಗಾಗಿ ಇವನ್ನು ಕೈಯಲ್ಲೇ ಉಜ್ಜಿ. ಗಿಡ್ಡ ತುಂಡು ಏಳಡಿಯ ಹಲಗೆಗಿಂತ ಬೇಗ ಒಣಗುತ್ತದೆ. ಅದೇ ತೂಕದ ಪರೀಕ್ಷೆ, ಇದಕ್ಕೆ ಅಡುಗೆಮನೆ ತಕ್ಕಡಿಯೇ ಸಾಕು. ತಿರುಳಿನ ಹಲಗೆಯಿಂದ ಕೊಯ್ದ ಪಟ್ಟಿಯಲ್ಲಿ 9 ಇಂಚು ಉದ್ದ, ಒಂದೂವರೆ ಇಂಚು ಅಗಲದ ಅಡಿಪಟ್ಟಿ, ಒಂದು ಮಣೆಗೆ ಎರಡು. ಪ್ರತಿ ಪಟ್ಟಿಯಲ್ಲಿ ಮೂರು ತೂತು. ನಡುವಿನದು 4.5 ಮಿ.ಮೀ. ಬಿಟ್‌ನಲ್ಲಿ ನೇರ ದುಂಡು ತೂತು. ಎರಡೂ ತುದಿಯವು ಉದ್ದ ತೂತು: ಪಕ್ಕಪಕ್ಕ ಎರಡು ತೂತು ಕೊರೆದು ನಡುವಿನದನ್ನು ಕಾಲಿಂಚಿನ ಉಳಿಯಿಂದ ಬಿಡಿಸಿ, ಪಟ್ಟಿಯ ಉದ್ದದ ದಿಕ್ಕಿಗೇ 8 ಮಿ.ಮೀ. ಆಗಲಿ. ಪಟ್ಟಿಯನ್ನು ಮಣೆಯ ತುದಿಯಿಂದ ಮೂರಿಂಚು ಒಳಗೆ ಇಟ್ಟು, ಹಲಗೆಗೆ 3 ಮಿ.ಮೀ. ಬಿಟ್‌ನಲ್ಲಿ ದಾರಿ ಕೊರೆದುಕೊಳ್ಳಿ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿ, ಇಲ್ಲದಿದ್ದರೆ ಮಣೆಯ ಮೇಲ್ಮೈಗೆ ತೂತು ಬಿದ್ದೀತು. 8 ನಂಬರಿನ 45 ಮಿ.ಮೀ. ಸ್ಕ್ರೂ, ತುದಿಯ ಎರಡಕ್ಕೆ ವಾಷರ್ ಹಾಕಿ. ಬಿಗಿ ಇರಲಿ, ಬಲವಂತ ಬೇಡ. ಅಂಟು ಹಾಕಲೇಬೇಡಿ. ಹಲಗೆ ಹಿಗ್ಗಿದಾಗ ತುದಿಯ ಸ್ಕ್ರೂಗಳು ಉದ್ದ ತೂತಿನಲ್ಲಿ ಆಚೀಚೆ ಸರಿದುಕೊಳ್ಳುತ್ತವೆ.

ಇಷ್ಟು ಸಣ್ಣ ವಸ್ತುವಿನಲ್ಲಿ ಗೆರೆ ಹಾಕುವುದು, ಗೆರೆ ಉಳಿಸಿ ಕೊಯ್ಯುವುದು, ಉಜ್ಜುವುದು, ಕೊರೆಯುವುದು ಎಲ್ಲ ಬಂತು. ಗೆರೆ ಉಳಿಸುವುದು ಅಂದರೆ: ಗರಗಸದ ಹಲ್ಲಿಗೂ ದಪ್ಪವಿದೆ, ಗೆರೆಯ ಮೇಲೇ ಕೊಯ್ದರೆ ತುಂಡು ಅಷ್ಟು ಗಿಡ್ಡವಾಯಿತು. ಬೇಡದ ತುಂಡಿನ ಕಡೆ ಗರಗಸವಿಟ್ಟು ಕೊಯ್ಯಿರಿ, ಕೊನೆಗೂ ಗೆರೆ ಕಾಣುತ್ತಿರಲಿ. ಪೆನ್ಸಿಲ್ ಗೆರೆಗಿಂತ ಚಾಕುವಿನ ಗೀರು ಒಳ್ಳೆಯದು, ಉಳಿಯ ಬಾಯಿ ಅದರಲ್ಲಿ ತಾನಾಗಿ ಕೂರುತ್ತದೆ. ನಾಲ್ಕನೇ ಮಣೆ ಮುಗಿಯುವ ಹೊತ್ತಿಗೆ ಮೊದಲನೆಯದನ್ನು ಅದರ ಪಕ್ಕ ಇಟ್ಟು ನೋಡಿ.

ಹಲಸನ್ನು ಉಜ್ಜುವಾಗ ಒಂದು ತಕರಾರು ಬರುತ್ತದೆ. ಇದರ ಎಳೆ ಒಂದೇ ದಿಕ್ಕಿಗೆ ಓಡುವುದಿಲ್ಲ. ಒಂದು ಪದರ ಈಚೆಗೆ ವಾಲಿದರೆ ಮುಂದಿನದು ಆಚೆಗೆ. ಯಾವ ಕಡೆಯಿಂದ ಉಜ್ಜಿದರೂ ಎಲ್ಲೋ ಒಂದು ಕಡೆ ಮರ ಕಿತ್ತು ಬರುತ್ತದೆ. ಉಜ್ಜುಗೊರಡಿನ ಅಲಗು ತೀರಾ ಹರಿತ ಇರಲಿ, ಹೊರಚಾಚು ಕೂದಲೆಳೆಯಷ್ಟಿರಲಿ, ಗೊರಡನ್ನು ಸ್ವಲ್ಪ ಓರೆ ಹಿಡಿದು ತಳ್ಳಿ. ಆದರೂ ಕಿತ್ತರೆ ಹೆರೆಯುವ ತಗಡು ಬಳಸಿ. ನಮ್ಮ ಆಚಾರಿಗಳು ಒಡೆದ ಗಾಜಿನ ಚೂರಿನಲ್ಲೇ ಹೆರೆದು ನುಣ್ಣಗೆ ಮಾಡುತ್ತಿದ್ದರು, ಕೈಗೆ ಬಟ್ಟೆ ಸುತ್ತಿಕೊಂಡರೆ ನೀವೂ ಪ್ರಯತ್ನಿಸಬಹುದು. ಆಮೇಲೆ ಸ್ಯಾಂಡ್‌ಪೇಪರ್ 120, 180, 240. ಈಗ ಕಣ್ಣಿಗೆ ಹೊಡೆಯುವ ಹಳದಿ ಬಣ್ಣದ ಬಗ್ಗೆ ಚಿಂತೆ ಬೇಡ, ಬೆಳಕು ಕಂಡಂತೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಹಲಸಿನ ಚೇಗಿನಿಂದ. ಮೃದಂಗದ ಕಳಸಿಗೆಗೂ, ಅಂದರೆ ಅದರ ಮರದ ಒಡಲಿಗೂ, ಇದೇ ಮರ. ನಿಮ್ಮ ಕೈಯಲ್ಲಿರುವುದು ಸಾಮಾನ್ಯದ್ದಲ್ಲ ಎಂದು ನೆನಪಿಗಿರಲಿ ಅಂತ ಹೇಳಿದೆ.

ಹಲಗೆ ಒಣಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಪುಸ್ತಕದ ಕಪಾಟನ್ನು ಪ್ಲೈವುಡ್‌ನಲ್ಲಿ ಈಗಲೇ ಮಾಡಬಹುದು. ಹಲಸಿನಲ್ಲಿ ಮಾಡುವ ಆಸೆ ಅರ್ಥವಾಗುತ್ತದೆ. ಆದರೆ 11 ಇಂಚು ಆಳದ ಕಪಾಟಿಗೆ 10 ಇಂಚಿನ ಹಲಗೆಯನ್ನು ಜೋಡಿಸುತ್ತ ಕೂತರೆ ಮೇಜಿಗೆ ಮರ ಉಳಿಯುವುದಿಲ್ಲ. ಪ್ಲೈನಲ್ಲಿ ಪದರಗಳ ಎಳೆ ಒಂದಕ್ಕೊಂದು ಅಡ್ಡ ಇರುವುದರಿಂದ ಹಿಗ್ಗು-ಕುಗ್ಗಿನ ಗೊಡವೆಯೂ ಇಲ್ಲ. 18 ಮಿ.ಮೀ. ದಪ್ಪದ್ದು, ಐಎಸ್ 303 (ಭಾರತೀಯ ಮಾನಕದ ಸಂಖ್ಯೆ) ಗುರುತಿರುವುದನ್ನು ಕೊಳ್ಳಿ. ಮೈಸೂರಿಗೆ ಎಂಆರ್ (ತೇವ ತಡೆಯುವ) ದರ್ಜೆ ಸಾಕು. ಊರಿಗೆ ಒಯ್ಯುವ ಯೋಚನೆ ಇದ್ದರೆ ಬಿಡಬ್ಲ್ಯುಆರ್ (ಕುದಿನೀರನ್ನೂ ತಡೆಯುವ) ದರ್ಜೆ. ಐಎಸ್ 710 ಮರೀನ್ ಪ್ಲೈ ಅಡುಗೆಮನೆ ಸಿಂಕಿನ ಕೆಳಗೆ ಬೇಕಾಗುವಂಥದ್ದು, ಪುಸ್ತಕಕ್ಕೆ ಅದಕ್ಕೆ ದುಡ್ಡು ಸುರಿಯಬೇಡಿ.

ಅಳತೆ: 1200 ಮಿ.ಮೀ. ಎತ್ತರ, 750 ಅಗಲ, 280 ಆಳ. ಒಂದು ಹಾಳೆ 2440 ಉದ್ದ, 1220 ಅಗಲ ಇರುತ್ತದೆ. ಉದ್ದಕ್ಕೆ 280ರ ನಾಲ್ಕು ಪಟ್ಟಿ ಕೊಯ್ದರೆ, ಬ್ಲೇಡಿನ 3 ಮಿ.ಮೀ. ಕಳೆದು, ಪಕ್ಕದಲ್ಲಿ 88 ಮಿ.ಮೀ.ಯ ಸಪೂರ ಪಟ್ಟಿ ಮಿಗುತ್ತದೆ. ಮೊದಲ ಪಟ್ಟಿಯಲ್ಲಿ 1200ರ ಎರಡು ಬದಿ. ಎರಡನೆಯದರಲ್ಲಿ 714ರ ಮೂರು ಅರೆ (ಪುಸ್ತಕ ಇಡುವ ಅಡ್ಡಹಲಗೆ), ಮೂರನೆಯದರಲ್ಲಿ ಇನ್ನೆರಡು. ಮೇಲಿನ ಮುಚ್ಚು, ತಳ ಸೇರಿ ಒಟ್ಟು ಐದಾಯಿತು. 88ರ ಪಟ್ಟಿಯನ್ನು 70ಕ್ಕೆ ಇಳಿಸಿ ಅಡಿಯ ಅಡ್ಡಪಟ್ಟಿ ಮಾಡಿ. ನಾಲ್ಕನೇ ಪಟ್ಟಿ ಪೂರ್ತಿ ಉಳಿತಾಯ. ಪ್ಲೈ ಅಂಗಡಿಗಳಲ್ಲಿ ಹಲವರ ಹತ್ತಿರ ಪ್ಯಾನೆಲ್ ಸಾ ಇರುತ್ತದೆ, ಈ ಅಳತೆ ಬರೆದುಕೊಟ್ಟು ಅಲ್ಲೇ ಕೊಯ್ಸಿಬಿಡಿ. ಎಲ್ಲ ಪಟ್ಟಿಯ ಅಗಲ ಒಂದೇ ಸೆಟ್ಟಿಂಗಿನಲ್ಲಿ ಕೊಯ್ಯಲಿ ಎಂದು ಒತ್ತಿ ಹೇಳಿ. ಮನೆಗೆ ಬಂದ ಮೇಲೆ ಅಂಟು, ಸ್ಕ್ರೂ, ಹಿಂದೆ 6 ಮಿ.ಮೀ. ಪ್ಲೈ. ಆ ಹಿಂಬದಿಯ ಹಾಳೆಯೇ ಕಪಾಟನ್ನು ಓಲಾಡದಂತೆ ಹಿಡಿಯುವುದು, ಅದನ್ನು ಬಿಡಬೇಡಿ. ಪ್ಲೈ ಅಂಚಿಗೆ ಸ್ಕ್ರೂ ಹೋಗುವಾಗ ಪದರ ಬಿಚ್ಚದಂತೆ ಮೊದಲೇ ದಾರಿ ಕೊರೆಯಿರಿ.

750ಕ್ಕಿಂತ ಅಗಲ ಮಾಡಲು ಮನಸ್ಸಾದರೆ ಇದನ್ನು ನೋಡಿ: ಅರೆಯ ತುಂಬ ಪುಸ್ತಕ ಜೋಡಿಸುವುದಾದರೆ, ಅಗಲ ಎರಡರಷ್ಟಾದಾಗ ನಡುವಿನ ಬಾಗು ಹದಿನಾರು ಪಟ್ಟಾಗುತ್ತದೆ. ನಾಲ್ಕು ಅಡಿ ಅಗಲದ ಪುಸ್ತಕದ ಅರೆಗಳು ಜೋಲುಬಿದ್ದಿರುವುದು ಇದಕ್ಕೇ. ಮನೆಯಲ್ಲಿ ಮಕ್ಕಳಿದ್ದರೆ ಕಪಾಟಿನ ಮೇಲ್ತುದಿಯನ್ನು ಎಲ್-ಪಟ್ಟಿ ಹಾಕಿ ಗೋಡೆಗೆ ಬಿಗಿಯುವುದು ಕಡ್ಡಾಯ. ಬಾಡಿಗೆ ಮನೆಯಾದರೂ ಎರಡು ತೂತಿಗೆ ಮಾಲೀಕರನ್ನು ಒಪ್ಪಿಸಿ.

ಬೆಂಚಿಗೆ ಬರೋಣ. ಒಂದೇ ಹಲಗೆಯಲ್ಲಿ ಆಗುತ್ತದೆ: 48 ಇಂಚು ಕೂರುವ ಹಲಗೆ, ಉಳಿದ 36 ಇಂಚಿನಲ್ಲಿ 16 ಇಂಚಿನ ಎರಡು ಅಗಲ ಕಾಲು. ಕುಂತಾಗ ಎತ್ತರ 17 ಇಂಚು ಬರುತ್ತದೆ. ಕಂಬದಂಥ ನಾಲ್ಕು ಕಾಲಿನ ಬದಲು ಹಲಗೆಯ ಕಾಲನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಕೂರುವ ಹಲಗೆಯ ಅಗಲವೂ ಕಾಲಿನ ಅಗಲವೂ ಒಂದೇ ದಿಕ್ಕಿಗೆ ಬರುತ್ತವೆ. ಹಿಗ್ಗಿದರೆ ಎರಡೂ ಜೊತೆಯಲ್ಲೇ ಹಿಗ್ಗುತ್ತವೆ, ಜಗಳವಿಲ್ಲ. ಇನ್ನು ಆಚೀಚೆ ಓಲಾಡದಿರಲು ತಿರುಳಿನ ಹಲಗೆಯಿಂದ ಬಂದ ನಾಲ್ಕಿಂಚಿನ ಪಟ್ಟಿಯಲ್ಲಿ 40 ಇಂಚು ಕೊಯ್ದು, ಕೂರುವ ಹಲಗೆಯ ಕೆಳಗೆ ಉದ್ದಕ್ಕೆ ನಿಲ್ಲಿಸಿ. ಪಟ್ಟಿಯ ಕೆಳಗಂಚಿನಲ್ಲಿ ಎರಡಿಂಚು ಆಳದ ಕಚ್ಚು, ಕಾಲಿನ ಮೇಲಂಚಿನ ನಡುವೆ ಎರಡಿಂಚು ಆಳದ ಕಚ್ಚು. ಒಂದು ಇನ್ನೊಂದರಲ್ಲಿ ಕೂರುತ್ತದೆ, ಎರಡರ ಮೇಲಂಚೂ ಒಂದೇ ಮಟ್ಟಕ್ಕೆ ಬರುತ್ತದೆ.

ಕಚ್ಚಿನ ಅಗಲವನ್ನು ಅಳತೆಪಟ್ಟಿಯಲ್ಲಿ ಅಳೆಯಬೇಡಿ. ಪಟ್ಟಿಯನ್ನೇ ಕಾಲಿನ ಮೇಲೆ ನಿಲ್ಲಿಸಿ, ಅದರ ಎರಡೂ ಮಗ್ಗುಲಿಗೆ ಚಾಕು ಗೀರಿ. ಗೀರಿನ ಒಳಗೆ ಗರಗಸವಿಟ್ಟು ಎರಡು ಕೊಯ್ತ, ನಡುವಿನದನ್ನು ಉಳಿಯಿಂದ ಅರ್ಧ ಒಂದು ಮುಖದಿಂದ, ಅರ್ಧ ಇನ್ನೊಂದು ಮುಖದಿಂದ ಬಿಡಿಸಿ. ಒಂದೇ ಕಡೆಯಿಂದ ಹೊಡೆದುಕೊಂಡು ಹೋದರೆ ಆಚೆ ಮುಖದಲ್ಲಿ ಚಕ್ಕೆ ಏಳುತ್ತದೆ. ಕೈಯಿಂದ ಒತ್ತಿದರೆ ಅರ್ಧ ಇಳಿದು, ಕೊಡತಿಯ ಎರಡು ಪೆಟ್ಟಿಗೆ ಪೂರ್ತಿ ಕೂತರೆ ಅದು ಸರಿಯಾದ ಬಿಗಿ. ತಾನಾಗಿ ಬಿದ್ದರೆ ಸಡಿಲವಾಯಿತು, ಹೆರೆದ ಸಿಪ್ಪೆಗೆ ಅಂಟು ಹಚ್ಚಿ ಸಂದಿನಲ್ಲಿ ತೂರಿಸಿ, ಯಾರಿಗೂ ಕಾಣುವುದಿಲ್ಲ.

ಮೇಜು ಮುಂದಿನ ಬೇಸಿಗೆಗೆ. ಲೆಕ್ಕ ಮಾತ್ರ ಈಗಲೇ ಕೊಟ್ಟುಬಿಡುತ್ತೇನೆ, ಯಾವ ಹಲಗೆ ಮುಟ್ಟಬಾರದೆಂದು ನಿಮಗೆ ತಿಳಿದಿರಲಿ. ಬಣ್ಣ ಹೊಂದುವ ಮೂರು ಒಳ್ಳೇ ಹಲಗೆ ಆರಿಸಿ. ಒಂದೊಂದರಲ್ಲಿ 54 ಇಂಚು ಮೇಲ್ಮೈಗೆ. ಮೂರನ್ನು ಅಂಚಿಗಂಚು ಅಂಟಿಸಿದರೆ 28 ಇಂಚಿನಷ್ಟು ಅಗಲ, ನಾಲ್ವರಿಗೆ ಸಾಕು. ಪ್ರತಿಯೊಂದರಲ್ಲೂ 30 ಇಂಚಿನ ತುಂಡು ಉಳಿಯುತ್ತದೆ. ಅದನ್ನು ಉದ್ದಕ್ಕೆ ಮೂರು ಮಾಡಿದರೆ ಒಟ್ಟು ಒಂಬತ್ತು ಪಟ್ಟಿ. ಎರಡೆರಡು ಅಂಟಿಸಿದರೆ ಎರಡಿಂಚು ದಪ್ಪದ ನಾಲ್ಕು ಕಾಲು, ಒಂಬತ್ತನೆಯದು ಜೋಡಣೆ ಅಭ್ಯಾಸಕ್ಕೆ. ನಾಲ್ಕನೇ ಹಲಗೆಯನ್ನು ಉದ್ದಕ್ಕೆ ನಾಲ್ಕಿಂಚು ಅಗಲದ ಎರಡು ಪಟ್ಟಿಯಾಗಿ ಸೀಳಿ, ಒಂದೊಂದರಲ್ಲಿ 46 ಇಂಚಿನದೊಂದು, 22 ಇಂಚಿನದೊಂದು ತೆಗೆದರೆ ಕಾಲುಗಳನ್ನು ಸುತ್ತ ಹಿಡಿಯುವ ಚೌಕಟ್ಟಿನ ನಾಲ್ಕೂ ಪಟ್ಟಿ ಬಂತು. ನಾಲ್ಕು ಹಲಗೆಗೆ ಮೇಜು ಮುಗಿಯಿತು. ಮಣೆಗೊಂದು, ಬೆಂಚಿಗೊಂದು, ತಿರುಳಿನದೊಂದು ಕಳೆದರೂ ಎರಡು ಹಲಗೆ ಕೈಯಲ್ಲಿರುತ್ತವೆ, ಎಲ್ಲಾದರೂ ಕೆಟ್ಟರೆ ಬೇಕಾಗುತ್ತದೆ.

ಅಂಚಿಗಂಚು ಅಂಟಿಸುವಾಗ ಎಳೆ ಎಳೆಗೆ ಸೇರುತ್ತದೆ. ಆ ಜೋಡಣೆ ಸರಿಯಾಗಿ ಬಿದ್ದರೆ ಮರ ಬೇರೆ ಕಡೆ ಮುರಿದೀತೇ ಹೊರತು ಅಲ್ಲಿ ಬಿಡುವುದಿಲ್ಲ, ಮೊಳೆ ಸ್ಕ್ರೂ ಯಾವುದೂ ಬೇಡ. ಅಂಚು ಉಜ್ಜಿದ ದಿನವೇ ಅಂಟಿಸಿ. ಉದ್ದನೆಯ ಕ್ಲಾಂಪ್ ಬಾಡಿಗೆಗೂ ಸಿಗದಿದ್ದರೆ ಹಗ್ಗ ಸುತ್ತಿ ಬೆಣೆ ಹೊಡೆದು ಬಿಗಿಯುವ ಹಳೇ ಉಪಾಯ ಇದ್ದೇ ಇದೆ. ಆದರೆ ಪಟ್ಟಿಯ ತುದಿಯನ್ನು ಕಾಲಿಗೆ ಬರೀ ಅಂಟಿನಲ್ಲಿ ಹಿಡಿಸಲಾಗದು, ತುದಿ ಮರಕ್ಕೆ ಅಂಟು ಹಿಡಿಯುವುದು ಅಷ್ಟಕ್ಕಷ್ಟೆ. ಕಾಲಿನಲ್ಲಿ ಚೌಕ ತೂತು, ಪಟ್ಟಿಯ ತುದಿಯಲ್ಲಿ ಅದಕ್ಕೆ ತಕ್ಕ ನಾಲಿಗೆ. ತೂತನ್ನು ಡ್ರಿಲ್ಲಿನಲ್ಲಿ ಸಾಲಾಗಿ ಕೊರೆದು ಉಳಿಯಲ್ಲಿ ಚೌಕ ಮಾಡಿ. ಬೆಂಚಿನ ಕಚ್ಚು ಕೂರಿಸಿದ ಕೈಗೆ ಇದು ಹೊಸದಾಗಿ ಕಾಣುವುದಿಲ್ಲ.

ಮೇಲ್ಮೈಯನ್ನು ಚೌಕಟ್ಟಿಗೆ ಕೂರಿಸುವಾಗ ಮತ್ತೆ ಮಣೆಯ ಪಾಠ. 28 ಇಂಚು ಅಗಲ ವರ್ಷದೊಳಗೆ ನಾಲ್ಕೈದು ಮಿ.ಮೀ. ಆಡುತ್ತದೆ. ಅಂಟು ಬೇಡ, ಕೆಳಗಿನಿಂದ ಎಲ್-ಪಟ್ಟಿ ಹಾಕಿ, ಅಗಲದ ದಿಕ್ಕಿಗೆ ಉದ್ದ ತೂತಿನಲ್ಲಿ ಸ್ಕ್ರೂ ಬಿಗಿಯಿರಿ. ಅಂಗಡಿಯವರೂ ಇಲ್ಲಿ ಎಡವುತ್ತಾರೆ, ಡಿಸೆಂಬರಿನಲ್ಲಿ ತಂದ ಮೇಜು ಏಪ್ರಿಲ್‌ಗೆ ಸೀಳಿತು ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ಪಾಲಿಶ್ ವಿಷಯ ಚಿಕ್ಕದು. ಕಪಾಟಿಗೆ, ಮಣೆಗೆ ಫ್ರೆಂಚ್ ಪಾಲಿಶ್ ಚೆನ್ನ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಅದು, ಚನ್ನಪಟ್ಟಣದ ಗೊಂಬೆಗಳ ಹೊಳಪಿಗೂ ಅರಗೇ ಮೂಲ. ಬೇಗ ಒಣಗುತ್ತದೆ, ಕೆಟ್ಟರೆ ಮೇಲೆ ಇನ್ನೊಂದು ಕೋಟ್ ಎಳೆದರಾಯಿತು. ಊಟದ ಮೇಜಿಗೆ ಅದು ಬೇಡ. ಬಿಸಿ ಸಾರಿನ ಪಾತ್ರೆ ಇಟ್ಟಲ್ಲಿ ಬಿಳಿ ಉಂಗುರ ಬೀಳುತ್ತದೆ. ಬಟ್ಟೆಯಲ್ಲಿ ಒರೆಸಿ ಹಚ್ಚುವ ಪಿಯು (ಪಾಲಿಯುರೆಥೇನ್) ಪಾಲಿಶ್ ಮೂರು ಕೋಟ್ ಕೊಡಿ, ಮೇಲೆಷ್ಟೋ ಕೆಳಗೂ ಅಷ್ಟೇ ಕೋಟ್. ಒಂದೇ ಮೈಗೆ ಹಚ್ಚಿದರೆ ಎರಡು ಮೈ ಬೇರೆಬೇರೆ ವೇಗದಲ್ಲಿ ತೇವ ಹೀರಿ ಡೊಂಕಾಗುತ್ತದೆ. ಬೆಂಚಿಗೆ ಅಗಸೆ ಎಣ್ಣೆ ಹಚ್ಚುವುದಾದರೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವಾಗ ಅದರೊಳಗೆ ಕಾವು ಹುಟ್ಟಿ ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ, ಉತ್ಪ್ರೇಕ್ಷೆಯಲ್ಲ. ತಾರಸಿಯ ತಂತಿಯ ಮೇಲೆ ಬಿಡಿಸಿ ಹರವಿ, ಗಟ್ಟಿಯಾದ ಮೇಲೆ ಬಿಸಾಕಿ.

ಯಂತ್ರದ ಕೆಲಸವನ್ನು ಎದುರಿಗಿದ್ದು ಕಲಿಯುವ ಮನಸ್ಸಾದರೆ ಬೆಂಗಳೂರಿನ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಮರಗೆಲಸದ ತರಬೇತಿ ಕೇಂದ್ರವಿದೆ, ವಿಚಾರಿಸಿ. ಅದಕ್ಕೂ ಮೊದಲು ಊರಿನ ಆಚಾರ್ರ ಜೊತೆ ಎರಡು ದಿನ ಕೂತು ಉಳಿ ಹಿಡಿಯುವುದನ್ನು ನೋಡಿ. ಹಲಗೆ ನೋಡಿಯೇ ನೀರಿದೆ ಎಂದವರು ಅವರು.

ಕುರ್ಚಿಯನ್ನು ಬಿಟ್ಟದ್ದಕ್ಕೆ ಕಾರಣ ಇದು. ಮೇಜಿನ ಮೇಲೆ ಬೀಳುವ ಭಾರ ನೇರ ಕೆಳಗಿಳಿಯುತ್ತದೆ. ಕುರ್ಚಿಯಲ್ಲಿ ಕೂತವರು ಹಿಂದಕ್ಕೆ ಒರಗುತ್ತಾರೆ, ಎರಡು ಕಾಲಿನ ಮೇಲೆ ತೂಗುತ್ತಾರೆ, ಪಕ್ಕಕ್ಕೆ ಬಾಗಿ ಬಿದ್ದ ಚಮಚ ಎತ್ತುತ್ತಾರೆ. ಅಷ್ಟೂ ಎಳೆತ ಸೀಟಿನ ಹಿಂಬದಿಯ ಎರಡು ಜೋಡಣೆಯ ಮೇಲೆ. ಅದರ ಮೇಲೆ ಹಿಂಗಾಲು ಬಾಗಿರಬೇಕು, ಸೀಟು ಹಿಂದೆ ಕಿರಿದಾಗಿರಬೇಕು. ಒಂದು ಮೂಲೆಯೂ 90 ಡಿಗ್ರಿ ಇರುವುದಿಲ್ಲ. ಅಂಥದ್ದು ನಾಲ್ಕು, ಒಂದರಂತೆ ಒಂದು. ಸದ್ಯಕ್ಕೆ ಒಂದು ಮಗ್ಗುಲಿಗೆ ನಿಮ್ಮ ಬೆಂಚನ್ನೇ ಹಾಕಿ, ಇನ್ನೊಂದು ಮಗ್ಗುಲಿಗೆ ಎರಡು ಕುರ್ಚಿ ಕೊಳ್ಳಿ. ಕೊಳ್ಳುವಾಗ ಮಗುಚಿ ನೋಡಿ, ಸೀಟಿನ ಕೆಳಗೆ ನಾಲ್ಕೂ ಮೂಲೆಗೆ ಮರದ ತುಂಡು ಕೊಟ್ಟು ಸ್ಕ್ರೂ ಹಾಕಿರಬೇಕು. ಮೇಜಿನ ಕಾಲು ಕೊಯ್ಯುವ ಮೊದಲೇ ಕುರ್ಚಿ ಮನೆಗೆ ಬಂದಿರಲಿ. ಸೀಟಿನಿಂದ ಮೇಜಿನ ಮೇಲ್ಮೈಗೆ 12 ಇಂಚು ಇರಬೇಕು, ಚೌಕಟ್ಟಿನ ಪಟ್ಟಿಯ ಕೆಳಗಂಚಿಗೂ ಸೀಟಿಗೂ ನಡುವೆ ತೊಡೆ ಆಡಲು 7 ಇಂಚು ಬಿಡಬೇಕು. ಸೀಟು 17 ಇಂಚಿದ್ದರೆ ಮೇಜು 29, ಕಾಲು 28ಕ್ಕೆ ಕೊಯ್ಯಿರಿ.